ಸತ್ತ ಮಂಗ ಯಾರ ಸ್ವತ್ತು? ರೋಗಪತ್ತೆ ಮತ್ತು ವನ್ಯಜೀವಿ ಕಾಯಿದೆ

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಸಾಗರ ತಾಲ್ಲೂಕಿನ ಒಂದು ಹಳ್ಳಿಗೆ ಶಿಬಿರಕ್ಕೆ ಹೋಗಿದ್ದೆ. ಬೆಳಿಗ್ಗೆ ಅಡಿಕೆ ತೋಟದ ಅಂಚಿನ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ ಬಿದಿರು ಮೆಳೆಯ ಬುಡದಲ್ಲಿ ಒಂದು ಮುಸುವ ಸತ್ತು ಬಿದ್ದಿರುವುದು ಕಾಣಿಸಿತು. ಮೈಮೇಲೆ ಗಾಯವೇನೂ ಇರಲಿಲ್ಲ. ಪ್ರಾಣಿಶಾಸ್ತ್ರ ಓದುತ್ತಿದ್ದ ಹುಡುಗನೊಬ್ಬ ಕೋಲು ಹಿಡಿದು ಮುಂದೆ ಹೋದ. 'ಸಾರ್, ಇದರ ಬುರುಡೆ ಬೇಯಿಸಿ ತೊಳೆದರೆ ನಮ್ಮ ವಿಭಾಗದ ಮ್ಯೂಸಿಯಮ್ಮಿನಲ್ಲಿ ಇಡಬಹುದು' ಎಂದ. ತೋಟದ ಯಜಮಾನರು ಆಚೆಯಿಂದಲೇ ಕೂಗಿದರು: 'ಮುಟ್ಬೇಡಿ ಮಾರಾಯ್ರೆ, ಹತ್ರಾನೂ ಹೋಗ್ಬೇಡಿ. ಮಂಗನ ಕಾಯಿಲೆ ಸಮಯ ಇದು.' ಅವರ ಹಿಂದೆ ನಿಂತಿದ್ದ ಕೆಲಸದಾಳು ಮೆಲ್ಲಗೆ ಹೇಳಿದ: 'ನಾನು ಮೊನ್ನೆಯೇ ನೋಡಿದ್ದೆ ಅಯ್ಯಾ. ಹೇಳಿದ್ರೆ ಫಾರೆಸ್ಟಿನೋರು ನನ್ನ ಮೇಲೇ ಕೇಸು ಹಾಕಿದ್ರೆ ಅಂತ ಸುಮ್ನಿದ್ದೆ.'

ಹುಡುಗನಿಗೆ ಅದರಲ್ಲಿ ಕಂಡದ್ದು ಮ್ಯೂಸಿಯಮ್ಮಿನ ಮಾದರಿ, ಯಜಮಾನರಿಗೆ ಕಂಡದ್ದು ಜ್ವರ, ಆಳಿಗೆ ಕಂಡದ್ದು ಕೋರ್ಟು ಕಚೇರಿ. ಸಂಜೆ ಊಟಕ್ಕೆ ಕುಳಿತಾಗ ಅದೇ ಹುಡುಗ ಕೇಳಿದ: 'ಸಾರ್, ಸತ್ತ ಮಂಗನಿಗೂ ಕಾನೂನು ಇದೆಯಾ?' ನಾನು ಭೌತಶಾಸ್ತ್ರದ ಮೇಷ್ಟ್ರು. ಉಷ್ಣ, ಒತ್ತಡ ಎಂದರೆ ಉತ್ತರ ಹೇಳಬಲ್ಲೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯನ್ನು ತರಿಸಿ ಓದಿದೆ. ಸತ್ತ ಪ್ರಾಣಿಯ ಬಗ್ಗೆ ಅದು ಬದುಕಿರುವ ಪ್ರಾಣಿಯ ಬಗ್ಗೆ ಹೇಳುವಷ್ಟೇ ಖಚಿತವಾಗಿ ಮಾತನಾಡುತ್ತದೆ. ಆದರೆ ಆ ಮಾತನ್ನು ಬರೆದವರ ಮನಸ್ಸಿನಲ್ಲಿದ್ದವನು ಬೇಟೆಗಾರ, ರೋಗಾಣುವಲ್ಲ. ತೊಡಕು ಶುರುವಾಗುವುದೇ ಇಲ್ಲಿ.

ಮಂಗ ಸತ್ತರೆ ಊರಿಗೇಕೆ ಚಿಂತೆ?

1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಮೊದಲು ಸಾಯುತ್ತವೆ. ಆದುದರಿಂದ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಬಂದು ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ, ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್ ಎಂದು ತಿಳಿಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಅದು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಜನರ ಬಾಯಲ್ಲಿ ಮಂಗನ ಕಾಯಿಲೆ.

ಹೆಸರು ಹಾಗಿದ್ದರೂ ಮಂಗ ಈ ರೋಗದ ಅಪರಾಧಿಯಲ್ಲ, ಬಲಿಪಶು. ವೈರಸ್ಸನ್ನು ಹೊತ್ತು ತಿರುಗುವುದು ಉಣುಗು, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ಸೋಂಕು ತಗುಲಿದ ಮುಸುವ ಅಥವಾ ಕೋತಿಯ ರಕ್ತದಲ್ಲಿ ವೈರಸ್ ಹೇರಳವಾಗಿ ಬೆಳೆಯುತ್ತದೆ. ಮಂಗ ಸತ್ತು ದೇಹ ತಣ್ಣಗಾಗುತ್ತಿದ್ದಂತೆ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಹೀಗೆ ಹೆಣ ಬಿದ್ದ ಜಾಗ ಸೋಂಕಿನ ಬಿಸಿ ತಾಣವಾಗುತ್ತದೆ. ದನದ ಕೊಟ್ಟಿಗೆಗೆ ದರಗು ಗುಡಿಸಲು ಹೋದವರಿಗೆ, ಸೌದೆಗೆ ಹೋದವರಿಗೆ, ಕಾಡಿನಲ್ಲಿ ದನ ಮೇಯಿಸುವವರಿಗೆ ಎಳೆಯ ಉಣುಗು ಕಚ್ಚುತ್ತದೆ. ನವೆಂಬರ್-ಡಿಸೆಂಬರಿನಿಂದ ಮೇ ತನಕ ಅವುಗಳ ಕಾಟ. ರೋಗ ತಗುಲಿದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ನಿರ್ದಿಷ್ಟ ಔಷಧಿಯಿಲ್ಲ.

ಹಾಗಾಗಿ ಒಂದು ಸತ್ತ ಮಂಗ ಎಂದರೆ ಊರಿಗೆ ಬಂದ ಮುನ್ಸೂಚನೆ. ಅದು ಯಾವುದರಿಂದ ಸತ್ತಿತೆಂದು ಬೇಗ ತಿಳಿದರೆ ಜನ ಆ ಕಡೆಗೆ ಹೋಗುವುದನ್ನು ನಿಲ್ಲಿಸಬಹುದು, ಮೈಗೆ ಡೀಪಾ ತೈಲ ಹಚ್ಚಿಕೊಳ್ಳಬಹುದು, ಆರೋಗ್ಯ ಕೇಂದ್ರದವರು ಜ್ವರದ ರೋಗಿಗಳ ರಕ್ತವನ್ನು ಸರಿಯಾದ ಪರೀಕ್ಷೆಗೆ ಕಳಿಸಬಹುದು. 2012ರಲ್ಲಿ ಬಂಡೀಪುರದಲ್ಲಿ, ಅಂದರೆ ಶಿವಮೊಗ್ಗದಿಂದ ಬಹು ದೂರದಲ್ಲಿ, ಈ ರೋಗ ಇದೆಯೆಂದು ತಿಳಿದದ್ದು ಮಂಗಗಳ ಸಾವಿನ ಜಾಡು ಹಿಡಿದೇ. ಅಲ್ಲಿ ಸತ್ತ ಮಂಗಗಳನ್ನು ಸಾಗಿಸಿದ, ಮರಣೋತ್ತರ ಪರೀಕ್ಷೆಯಲ್ಲಿ ನೆರವಾದ ಕೆಲವರಿಗೇ ರೋಗ ಅಂಟಿತ್ತು. ಮುಂದೆ ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಅದು ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಏನಾಯಿತೆಂಬುದು ಮಲೆನಾಡಿನ ಓದುಗರಿಗೆ ನೆನಪಿದ್ದೀತು.

1957ರಲ್ಲಿ ವಿಜ್ಞಾನಿಗಳು ಕ್ಯಾಸನೂರಿಗೆ ಬಂದಾಗ ಇಂದಿನ ವನ್ಯಜೀವಿ ಕಾಯಿದೆ ಇರಲಿಲ್ಲ. ಇಂದು ಇದೆ. ಅದೇ ಕೆಲಸವನ್ನು ಇಂದು ಮಾಡಬೇಕಾದರೆ ಆ ಕಾಯಿದೆಯ ಬಾಗಿಲಿನಿಂದಲೇ ಹೋಗಬೇಕು.

ಕಾಯಿದೆ ಏನನ್ನುತ್ತದೆ?

ಮುಖ್ಯವಾದದ್ದು 39ನೆಯ ಪ್ರಕರಣ. ರಕ್ಷಿತ ಪಟ್ಟಿಗಳಲ್ಲಿರುವ ವನ್ಯಪ್ರಾಣಿಯನ್ನು ಯಾರಾದರೂ ಬೇಟೆಯಾಡಿದರೆ ಅದು ಸರ್ಕಾರದ ಸ್ವತ್ತು ಎಂದು ಅದು ಹೇಳುತ್ತದೆ, ಇದು ನಿರೀಕ್ಷಿತ. ಆದರೆ ಅದೇ ವಾಕ್ಯದಲ್ಲಿ 'ಸತ್ತು ಸಿಕ್ಕಿದ' ಪ್ರಾಣಿಯೂ ಸೇರಿದೆ. ಯಾರ ತೋಟದಲ್ಲಿ ಬಿದ್ದಿದೆ ಎಂಬುದು ಮುಖ್ಯವಲ್ಲ. ನಿಮ್ಮ ಬಾವಿಗೆ ಬಿದ್ದು ಸತ್ತ ಚಿರತೆ, ಗದ್ದೆಯ ಬದುವಿನಲ್ಲಿ ಸತ್ತ ನವಿಲು, ಬಿದಿರು ಮೆಳೆಯ ಕೆಳಗಿನ ಮುಸುವ, ಎಲ್ಲವೂ ಸರ್ಕಾರದ್ದು. ಅದರ ಮಾಂಸ, ಚರ್ಮ, ಎಲುಬು ಕೂಡ.

ಇಲ್ಲಿ ವಿಜ್ಞಾನದವರು ಗಮನಿಸಬೇಕಾದ ಒಂದು ವ್ಯಾಖ್ಯೆ ಇದೆ. ಕಾಯಿದೆಯ ಪ್ರಕಾರ 'ಮಾಂಸ' ಎಂಬುದರಲ್ಲಿ ರಕ್ತ, ಎಲುಬು, ಸ್ನಾಯುರಜ್ಜು, ಮೊಟ್ಟೆ, ಚಿಪ್ಪು, ಕೊಬ್ಬು ಎಲ್ಲವೂ ಸೇರುತ್ತವೆ. ಬೇಯಿಸಿದ್ದಾದರೂ ಸರಿ, ಹಸಿಯಾದರೂ ಸರಿ. ಪ್ರಯೋಗಾಲಯದಲ್ಲಿ ನಾವು 'ಸ್ಯಾಂಪಲ್' ಎಂದು ಕರೆಯುವ ಎರಡು ಮಿಲಿಲೀಟರ್ ರಕ್ತ ಕಾಯಿದೆಯ ಕಣ್ಣಿಗೆ ವನ್ಯಪ್ರಾಣಿಯ ಮಾಂಸ. ಹದ ಮಾಡದ ಇಡೀ ಹೆಣಕ್ಕೂ, ಅದರ ಯಾವುದೇ ಭಾಗಕ್ಕೂ ಬೇರೊಂದು ಹೆಸರಿದೆ: ಸಂಸ್ಕರಿಸದ ಟ್ರೋಫಿ. ನನಗೆ ಮೊದಲ ಓದಿಗೆ ನಗು ಬಂತು. ಆಮೇಲೆ ಯೋಚಿಸಿದರೆ ಇದರಲ್ಲಿ ಅರ್ಥವಿದೆ ಅನ್ನಿಸಿತು. ಬೇಟೆಗಾರ ಸಿಕ್ಕಿಬಿದ್ದಾಗ 'ಇದು ಬರೀ ಎಲುಬು', 'ಇದು ಬರೀ ಕೊಬ್ಬು' ಎಂದು ನುಣುಚಿಕೊಳ್ಳಬಾರದೆಂದು ಬಲೆಯ ಕಣ್ಣುಗಳನ್ನು ಇಷ್ಟು ಸಣ್ಣದಾಗಿ ನೇಯ್ದಿದ್ದಾರೆ. ಪರೀಕ್ಷಾನಳಿಗೆಯೂ ಅದೇ ಬಲೆಗೆ ಬೀಳುತ್ತದೆ.

39ರ ಎರಡನೆಯ ಉಪಪ್ರಕರಣ ಹೇಳುವುದಿಷ್ಟು: ಇಂಥ ಸರ್ಕಾರಿ ಸ್ವತ್ತು ಯಾರ ವಶಕ್ಕೆ ಬಂದರೂ ಅವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು, ಕೇಳಿದರೆ ಒಪ್ಪಿಸಬೇಕು. ಮೂರನೆಯದರ ಪ್ರಕಾರ, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಅದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ, ನಾಶ ಮಾಡುವಂತಿಲ್ಲ. ಬುರುಡೆ ಬೇಯಿಸಲು ಹೊರಟಿದ್ದ ನಮ್ಮ ಹುಡುಗ ಮೊದಲನೆಯದನ್ನು ಮುರಿಯುತ್ತಿದ್ದ. ಹೆಣವನ್ನು ತಾವೇ ಸುಟ್ಟುಬಿಡೋಣ ಎಂದು ಹೊರಟಿದ್ದ ಯಜಮಾನರು ಮೂರನೆಯದನ್ನು. ಉದ್ದೇಶ ಇಬ್ಬರದ್ದೂ ಒಳ್ಳೆಯದೇ.

ಆದರೆ ತೋಟದ ಆಳು? ಆತ ಏನನ್ನೂ ಮುರಿದಿರಲಿಲ್ಲ. ಕಾಯಿದೆ ಮಾತನಾಡುವುದು ವಶಕ್ಕೆ ಪಡೆದವನ ಬಗ್ಗೆ. ಕಣ್ಣಿನಿಂದ ನೋಡಿದವನು ಏನನ್ನೂ ವಶಕ್ಕೆ ಪಡೆದಿಲ್ಲ. ನೋಡಿದ್ದನ್ನು ಅರಣ್ಯ ರಕ್ಷಕನಿಗೆ ತಿಳಿಸಿದ ಮಾತ್ರಕ್ಕೆ ಯಾರೂ ಈ ಪ್ರಕರಣದಡಿ ಅಪರಾಧಿಯಾಗುವುದಿಲ್ಲ. ಈ ಒಂದು ವಾಕ್ಯ ಆತನಿಗೆ ಗೊತ್ತಿದ್ದರೆ ಎರಡು ದಿನ ಉಳಿಯುತ್ತಿತ್ತು. ಆತನ ಹೆದರಿಕೆ ಸುಮ್ಮನೆ ಬಂದದ್ದೂ ಅಲ್ಲ. 51ನೆಯ ಪ್ರಕರಣದ ಶಿಕ್ಷೆಗಳು ಕಠಿಣವಾಗಿವೆ: ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಒಂದನೆಯ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆ, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಹಳ್ಳಿಯವರಿಗೆ ಉಪಪ್ರಕರಣಗಳು ಗೊತ್ತಿರುವುದಿಲ್ಲ, ಜೈಲು ಗೊತ್ತಿರುತ್ತದೆ.

ಬದುಕಿರುವ ಪ್ರಾಣಿಯ ವಿಷಯ ಬೇರೆ. ಜೀವಂತ ಮಂಗವನ್ನು ಹಿಡಿಯುವುದು, ಅದರ ದೇಹದ ಯಾವುದೇ ಭಾಗವನ್ನು ತೆಗೆಯುವುದು ಕಾಯಿದೆಯ ವ್ಯಾಖ್ಯೆಯಲ್ಲಿ 'ಬೇಟೆ'. ಸಂಶೋಧನೆಗೆಂದು ಹಾಗೆ ಮಾಡಬೇಕಾದರೆ 12ನೆಯ ಪ್ರಕರಣದಡಿ ವಿಶೇಷ ಪರವಾನಗಿ ಬೇಕು. ಅದನ್ನು ಕೊಡುವ ಮೊದಲು ಒಂದನೆಯ ಅನುಸೂಚಿಯ ಪ್ರಾಣಿಗೆ ಕೇಂದ್ರ ಸರ್ಕಾರದ, ಉಳಿದವಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ಅಗತ್ಯ. ಪ್ರಾಣಿ ಗುಣವಾಗದಷ್ಟು ರೋಗಪೀಡಿತವಾಗಿದ್ದರೆ ಅದನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 11ನೆಯ ಪ್ರಕರಣದಲ್ಲಿದೆ, ಅದೂ ಕಾರಣಗಳನ್ನು ಬರೆದಿಟ್ಟು.

ಅಧ್ಯಾಪಕರಿಗೆ ಒಂದು ಎಚ್ಚರಿಕೆ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಆರು ಅನುಸೂಚಿಗಳ ಪಟ್ಟಿ ಇರುತ್ತದೆ. ಐದನೆಯದರಲ್ಲಿ ಕಾಗೆ, ಇಲಿ, ಹಣ್ಣುಬಾವಲಿಗಳನ್ನು 'ಉಪದ್ರವಕಾರಿ' ಎಂದು ಸೇರಿಸಿದ್ದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಆ ಪಟ್ಟಿಯೇ ಇಲ್ಲ. ಈಗಿರುವುದು ನಾಲ್ಕು ಅನುಸೂಚಿಗಳು: ಪ್ರಾಣಿಗಳಿಗೆ ಎರಡು, ಸಸ್ಯಗಳಿಗೆ ಒಂದು, ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಜೀವಿಗಳಿಗೆ ಒಂದು. ಹಕ್ಕಿಜ್ವರದ ಕಾಲದಲ್ಲಿ ಸತ್ತ ಕಾಗೆ, ನಿಫಾ ಸುದ್ದಿಯ ಕಾಲದಲ್ಲಿ ಸತ್ತ ಬಾವಲಿ ಸಿಕ್ಕಾಗ 'ಅದು ಕಾಯಿದೆಗೆ ಬರುವುದಿಲ್ಲ' ಎಂದು ಹಳೆಯ ನೆನಪಿನಿಂದ ಹೇಳಿಬಿಡಬಾರದು; ಹೊಸ ಪಟ್ಟಿಯನ್ನು ತೆರೆದು ನೋಡಬೇಕು. ಉದುರಿದ ನವಿಲುಗರಿಯ ಮಾರಾಟಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇರುವುದರಿಂದ ಸತ್ತ ನವಿಲಿಗೂ ಅದು ಅನ್ವಯಿಸುತ್ತದೆಂದು ಕೆಲವರು ತಿಳಿದಿದ್ದಾರೆ. ಇಲ್ಲ, ವಿನಾಯಿತಿ ಇರುವುದು ಬಾಲದ ಗರಿಗೆ ಮಾತ್ರ.

ಒಂದು ಹೆಣ, ಹಲವು ಬಾಟಲಿ

ಅರಣ್ಯ ಇಲಾಖೆಯವರು ಸ್ಥಳಕ್ಕೆ ಬಂದ ಮೇಲೆ ನಡೆಯುವುದನ್ನು ನೋಡೋಣ. ಜಾಗದ ಫೋಟೋ, ಮಹಜರು, ಸಾಕ್ಷಿಗಳ ಸಹಿ. ಪಶುವೈದ್ಯರು ರಕ್ಷಾಕವಚ ಧರಿಸಿ ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಎರಡು ಪ್ರಶ್ನೆಗಳು ಒಂದೇ ಹೆಣವನ್ನು ಎರಡು ಕಡೆಗೆ ಎಳೆಯುತ್ತವೆ. ಕಾನೂನಿನ ಪ್ರಶ್ನೆ: ಯಾರು ಕೊಂದರು? ವೈದ್ಯದ ಪ್ರಶ್ನೆ: ಯಾವುದು ಕೊಂದಿತು? ಹುಲಿಯ ವಿಷಯದಲ್ಲಂತೂ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕಾರ್ಯವಿಧಾನ ಸ್ಪಷ್ಟವಾಗಿದೆ. ಬೇಟೆಯಲ್ಲವೆಂದು ಸಾಬೀತಾಗುವ ತನಕ ಪ್ರತಿಯೊಂದು ಸಾವನ್ನೂ ಬೇಟೆಯೆಂದೇ ಭಾವಿಸಬೇಕು. ಅದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ. ಆದರೂ ಮೊದಲ ಊಹೆ ಎರಡೂ ಕಡೆ ತಪ್ಪಬಹುದು. 2018ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಒಂದಾದ ಮೇಲೊಂದು ಸತ್ತಾಗ ಪರಸ್ಪರ ಕಾದಾಟವೇ ಕಾರಣ ಎಂಬ ಮಾತು ಮೊದಲು ಬಂತು. ಮೂರು ವಾರಗಳಲ್ಲಿ 23 ಸಿಂಹಗಳು ಹೋದವು. ಮಾದರಿಗಳನ್ನು ಪರೀಕ್ಷಿಸಿದಾಗ ಹಲವದರಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಸಿಕ್ಕಿತು.

ಎರಡೂ ಪ್ರಶ್ನೆಗಳಿಗೆ ಉತ್ತರ ಬೇಕೆಂದರೆ ಅಂಗಾಂಶವನ್ನು ಹಂಚಬೇಕಾಗುತ್ತದೆ. ಸೂಕ್ಷ್ಮದರ್ಶಕದಡಿ ಜೀವಕೋಶಗಳ ವಿಕಾರ ನೋಡಲು ಒಂದು ತುಂಡು ಶೇಕಡಾ 10ರ ಫಾರ್ಮಲಿನ್‌ನಲ್ಲಿ. ಆದರೆ ಫಾರ್ಮಲಿನ್ ವೈರಸ್ಸನ್ನು ಕೊಲ್ಲುತ್ತದೆ. ಅದರಲ್ಲಿ ಮುಳುಗಿಸಿದ ತುಂಡಿನಿಂದ ವೈರಸ್ಸನ್ನು ಬೆಳೆಸಲಾಗದು. ಅದಕ್ಕೆ ಇನ್ನೊಂದು ತುಂಡು ಬರಿಯ ತಂಪಿನಲ್ಲಿ. ವಿಷಪ್ರಾಶನದ ಅನುಮಾನವಿದ್ದರೆ ಜಠರ, ಯಕೃತ್ತುಗಳ ಭಾಗ ಉಪ್ಪಿನ ಪರ್ಯಾಪ್ತ ದ್ರಾವಣದಲ್ಲಿ ನ್ಯಾಯ ವಿಜ್ಞಾನ ಪ್ರಯೋಗಾಲಯಕ್ಕೆ. ಅದಕ್ಕೂ ಫಾರ್ಮಲಿನ್ ಆಗದು. ಹುಚ್ಚುನಾಯಿ ರೋಗದ ಶಂಕೆಯಿದ್ದರೆ ಮಿದುಳಿನ ತುಂಡನ್ನು ಗ್ಲಿಸರಾಲ್ ಬೆರೆಸಿದ ಲವಣ ದ್ರಾವಣದಲ್ಲಿಯೂ ಇಡುತ್ತಾರೆ. ಗಾಬರಿಯಲ್ಲಿ ಎಲ್ಲವನ್ನೂ ಫಾರ್ಮಲಿನ್ ಬಾಟಲಿಗೆ ಹಾಕಿ ಮುಚ್ಚಿದರೆ ಕಡತ ಸರಿಯಾಗಿರುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಸಮಯ. ಮಂಗನ ಕಾಯಿಲೆಯ ವೈರಸ್ಸಿನ ವಂಶವಾಹಿ ಆರ್‌ಎನ್‌ಎ. ಅದು ಡಿಎನ್‌ಎಯಷ್ಟು ಗಟ್ಟಿಯಲ್ಲ. ಕೊಳೆಯುವ ಅಂಗಾಂಶದ ಕಿಣ್ವಗಳು ಅದನ್ನು ಬೇಗ ಕತ್ತರಿಸುತ್ತವೆ. ಪಿಸಿಆರ್ ಪರೀಕ್ಷೆ ಬಹಳ ಸೂಕ್ಷ್ಮ ನಿಜ. ಪ್ರತಿ ಸುತ್ತಿನಲ್ಲೂ ಪ್ರತಿಗಳು ಇಮ್ಮಡಿಯಾಗುವುದರಿಂದ 30 ಸುತ್ತುಗಳಲ್ಲಿ ಒಂದೇ ತುಣುಕು ಸುಮಾರು 107 ಕೋಟಿ ಪ್ರತಿಗಳಾಗಬಲ್ಲದು (ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು). ಆದರೆ ಗುರುತಿಸಬೇಕಾದ ಆ ಭಾಗವೇ ತುಂಡಾಗಿದ್ದರೆ ಸೊನ್ನೆಯನ್ನು 30 ಸಲ ಇಮ್ಮಡಿಸಿದರೂ ಸೊನ್ನೆಯೇ. ಕಾಯಿದೆ 48 ಗಂಟೆ ಕೊಡುತ್ತದೆ. ಜನವರಿಯ ಮಧ್ಯಾಹ್ನ ಮಲೆನಾಡಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಬಿದ್ದ ಹೆಣ ಅಷ್ಟು ಕಾಯುವುದಿಲ್ಲ. ಕಾನೂನಿನ ಗಡಿಯಾರ ಮತ್ತು ಕೊಳೆಯುವಿಕೆಯ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ.

ಒಂದು ರೋಗದ ವಿಷಯದಲ್ಲಿ ಮಾತ್ರ ಚಾಕು ಹಿಡಿಯುವುದೇ ತಪ್ಪು. ಅದು ಆಂಥ್ರಾಕ್ಸ್, ನಮ್ಮ ರೈತರು ನೆರಡಿ ರೋಗ ಎನ್ನುವುದು. ದಿಢೀರನೆ ಸತ್ತ ಆನೆಯ ಅಥವಾ ಕಾಟಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಪಶುವೈದ್ಯರು ಹೊಟ್ಟೆ ಬಗೆಯುವುದಿಲ್ಲ. ಮುಚ್ಚಿದ ಹೆಣದೊಳಗೆ ಆಮ್ಲಜನಕವಿಲ್ಲದೆ, ಕೊಳೆಸುವ ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಈ ರೋಗಾಣು ಸಾಯುತ್ತದೆ. ಹೆಣವನ್ನು ತೆರೆದ ಕೂಡಲೇ ಗಾಳಿ ಸೋಕಿ ಅದು ಬೀಜಕಣಗಳಾಗಿ ಮಾರ್ಪಡುತ್ತದೆ. ಆ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಆದುದರಿಂದ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆಂಥ್ರಾಕ್ಸ್ ಎಂದಾದರೆ ಹೆಣವನ್ನು ಇಡಿಯಾಗಿ ಸುಡುತ್ತಾರೆ ಅಥವಾ ಆಳವಾಗಿ ಹೂಳುತ್ತಾರೆ. ಪೂರ್ಣ ಮರಣೋತ್ತರ ವರದಿ ಬೇಕೆನ್ನುವ ಕಡತ ಇಲ್ಲಿ ಹಿಂದೆ ಸರಿಯಲೇಬೇಕು.

ಸಾಗಿಸುವ ದಾರಿ

ಮಾದರಿ ಶಿವಮೊಗ್ಗದ ವೈರಾಣು ರೋಗಪತ್ತೆ ಪ್ರಯೋಗಾಲಯಕ್ಕೋ ಪುಣೆಗೋ ಹೋಗಬೇಕು. ಇಲ್ಲಿ 48ಎ ಪ್ರಕರಣ ಅಡ್ಡ ನಿಲ್ಲುತ್ತದೆ. ವನ್ಯಪ್ರಾಣಿಯನ್ನಾಗಲಿ ಅದರ ಯಾವುದೇ ಅಂಶವನ್ನಾಗಲಿ ಸಾಗಣೆಗೆ ಒಪ್ಪಿಕೊಳ್ಳುವವರು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ರಾಜ್ಯ ಸರ್ಕಾರದಿಂದ ಅಧಿಕಾರ ಪಡೆದ ಅಧಿಕಾರಿಯ ಅನುಮತಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅನುಮತಿ ಪತ್ರವಿಲ್ಲದ ಪೆಟ್ಟಿಗೆಯನ್ನು ಬಸ್ಸಿನ ಪಾರ್ಸೆಲ್ಲಿನವರಾಗಲಿ ಕೊರಿಯರ್‌ನವರಾಗಲಿ ತೆಗೆದುಕೊಂಡರೆ ಅವರೂ ಸಿಕ್ಕಿಕೊಳ್ಳುತ್ತಾರೆ.

ಪೆಟ್ಟಿಗೆಗೂ ನಿಯಮವಿದೆ: ಮೂರು ಪದರ. ಸೋರದ ಬಿಗಿ ಮುಚ್ಚಳದ ನಳಿಗೆ. ಅದರ ಸುತ್ತ ಒಡೆದರೆ ಹೀರಿಕೊಳ್ಳುವಷ್ಟು ಹತ್ತಿ. ಅದನ್ನು ಒಳಗೊಂಡ ಇನ್ನೊಂದು ಸೋರದ ಡಬ್ಬಿ. ಹೊರಗೆ ಗಟ್ಟಿ ಪೆಟ್ಟಿಗೆ. ಇಲ್ಲಿ ಭೌತಶಾಸ್ತ್ರದವನಾಗಿ ಒಂದು ಮಾತು ಸೇರಿಸಲೇಬೇಕು. ಮಾದರಿಯನ್ನು ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಕಳಿಸಲು ಒಣ ಮಂಜುಗಡ್ಡೆ, ಅಂದರೆ ಘನ ಇಂಗಾಲದ ಡೈಆಕ್ಸೈಡ್ ಬಳಸುತ್ತಾರೆ. ಅದು ಮೈನಸ್ 78.5 ಡಿಗ್ರಿಯಲ್ಲಿ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಕಿಲೋಗ್ರಾಮಿಗೆ ಸುಮಾರು 570 ಕಿಲೋಜೂಲ್ ಉಷ್ಣ ಹೀರುತ್ತದೆ; ನೀರಿನ ಮಂಜುಗಡ್ಡೆ ಕರಗುವಾಗ ಹೀರುವುದು 334. ಒಳ್ಳೆಯ ತಂಪುಕಾರಿ. ಆದರೆ 1 ಕಿಲೋಗ್ರಾಮಿನಲ್ಲಿ ಸುಮಾರು 22.7 ಮೋಲ್‌ಗಳಿವೆ; ಕೊಠಡಿಯ ತಾಪದಲ್ಲಿ ಅದು ಸುಮಾರು 550 ಲೀಟರ್ ಅನಿಲ. ಗಾಳಿಯಾಡದ ಡಬ್ಬಿಯೊಳಗೆ ಇದನ್ನು ಹಾಕಿ ಮುಚ್ಚಿದರೆ ಡಬ್ಬಿ ಸಿಡಿಯುತ್ತದೆ, ವೈರಸ್ ಇರುವ ಅಂಗಾಂಶದೊಂದಿಗೆ. ಆದುದರಿಂದ ಒಣ ಮಂಜುಗಡ್ಡೆ ಎರಡನೆಯ ಡಬ್ಬಿಯ ಹೊರಗೆ, ಹೊರಪೆಟ್ಟಿಗೆಯ ಒಳಗೆ. ಹೊರಪೆಟ್ಟಿಗೆಯಲ್ಲಿ ಅನಿಲ ಹೊರಹೋಗಲು ದಾರಿ ಇರಬೇಕು. ಮುಚ್ಚಿದ ಜೀಪಿನಲ್ಲಿ ಹೋಗುವಾಗ ಕಿಟಕಿಯನ್ನೂ ಸ್ವಲ್ಪ ತೆರೆದಿಡಬೇಕು.

ಮಾದರಿ ದೇಶದ ಹೊರಗೆ ಹೋಗಬೇಕೆಂದರೆ ಇನ್ನೂ ಎರಡು ಬಾಗಿಲು. ಮಂಗಗಳೆಲ್ಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗಳಲ್ಲಿವೆ. ಆ ಒಪ್ಪಂದಕ್ಕೆ ಒಂದು ಹನಿ ರಕ್ತವೂ 'ಮಾದರಿ'ಯೇ, ಪರವಾನಗಿ ಬೇಕು. ಜೊತೆಗೆ 2002ರ ಜೀವವೈವಿಧ್ಯ ಕಾಯಿದೆಯ ಅನುಮೋದನೆ.

ಅನುಮತಿ ಯಾವಾಗ?

ಇಡೀ ವನ್ಯಜೀವಿ ಕಾಯಿದೆಯಲ್ಲಿ ರೋಗದ ಪ್ರಸ್ತಾಪ ಬರುವುದೇ ಅಪರೂಪ. 11ನೆಯ ಪ್ರಕರಣವನ್ನು ಆಗಲೇ ಹೇಳಿದೆ. 33ಎ ಪ್ರಕರಣದಲ್ಲಿ ಅಭಯಾರಣ್ಯದ ಒಳಗೆ ಮತ್ತು ಅದರಿಂದ 5 ಕಿಲೋಮೀಟರ್ ಒಳಗಿರುವ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಮಾತಿದೆ. ಸತ್ತ ವನ್ಯಪ್ರಾಣಿಯ ರೋಗಪತ್ತೆಗೆಂದೇ ಬರೆದ ಪ್ರಕರಣವಿಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆ ಇದೆ. ಆದರೆ ಅದು ಹೆಸರಿಸುವುದು ದನ, ಎಮ್ಮೆ, ಕುರಿ, ಕೋಳಿ, ನಾಯಿಗಳಂಥ ಸಾಕುಪ್ರಾಣಿಗಳನ್ನು. ಅದರಲ್ಲಿ ರೋಗ ತಿಳಿಸುವ ಮೊದಲ ಹೊಣೆ ಮಾಲೀಕನದು. ಕಾಡಿನ ಮುಸುವಕ್ಕೆ ಮಾಲೀಕ ಯಾರು? 39ನೆಯ ಪ್ರಕರಣ ಹೇಳಿದಂತೆ, ಸತ್ತ ಮೇಲೆ, ಸರ್ಕಾರ.

ಹಾಗೆಂದು ಕಾಯಿದೆಯನ್ನು ತಿದ್ದುವ ತನಕ ಕೈಕಟ್ಟಿ ಕೂರಬೇಕಿಲ್ಲ. 39ರ ಮೂರನೆಯ ಉಪಪ್ರಕರಣ ಬೇಡುವುದು 'ಲಿಖಿತ ಪೂರ್ವಾನುಮತಿ'. ಅದನ್ನು ಪ್ರತಿ ಹೆಣ ಬಿದ್ದ ಮೇಲೆ, ಪ್ರತಿ ಸಲ, ಹೊಸದಾಗಿ ಬರೆಯಬೇಕೆಂದು ಅಲ್ಲಿ ಹೇಳಿಲ್ಲ. ನವೆಂಬರಿನ ಮೊದಲೇ, ಇಂಥ ತಾಲ್ಲೂಕುಗಳಲ್ಲಿ, ಇಂಥ ಪಶುವೈದ್ಯರು, ಸತ್ತ ಮಂಗಗಳಿಂದ ಇಂಥ ಅಂಗಾಂಶಗಳನ್ನು ತೆಗೆದು, ಇಂಥ ಪ್ರಯೋಗಾಲಯಕ್ಕೆ, ಇಂಥ ವಾಹನದಲ್ಲಿ ಕಳಿಸಬಹುದು ಎಂದು ಇಡೀ ಋತುವಿಗೆ ಒಂದೇ ಆದೇಶ ಹೊರಡಿಸಲು ಕಾಯಿದೆಯ ಮಾತುಗಳಲ್ಲೇ ಜಾಗವಿದೆ ಎಂದು ನಾನು ಓದಿಕೊಂಡಿದ್ದೇನೆ. ಆಗ ವಲಯ ಅರಣ್ಯಾಧಿಕಾರಿ ಕಾಗದಕ್ಕೆ ಕಾಯಬೇಕಿಲ್ಲ, ಪಶುವೈದ್ಯರು ಅಂಜಬೇಕಿಲ್ಲ. ಆದರೆ ಇಂಥ ಅನುಮತಿ ರೋಗಪತ್ತೆಗೆ ಮಾತ್ರ. ಉಳಿದ ಅಂಗಾಂಶವನ್ನು ಯಾರಾದರೂ ತಮ್ಮ ಪಿಎಚ್‌ಡಿಗೆ ಬಳಸಿಕೊಳ್ಳಬೇಕಾದರೆ ಪ್ರತ್ಯೇಕವಾಗಿ ಕೇಳಲೇಬೇಕು. ಈ ಗೆರೆಯನ್ನು ನಾವು ವಿಶ್ವವಿದ್ಯಾಲಯದವರು ಅಷ್ಟಾಗಿ ಗೌರವಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ನಮ್ಮ ಮುಸುವ. ಯಜಮಾನರು ಫೋನು ಮಾಡಿದ ಮೇಲೆ ಅರಣ್ಯ ರಕ್ಷಕರು, ಪಶುವೈದ್ಯರು ಅದೇ ಮಧ್ಯಾಹ್ನ ಬಂದರು. ವೈದ್ಯರು ದೂರದಿಂದ ನೋಡಿ, ಸತ್ತು ಎರಡು ದಿನಕ್ಕೂ ಹೆಚ್ಚಾಗಿದೆ, ಅಂಗಾಂಶ ತೆಗೆದರೆ ಪ್ರಯೋಜನವಿಲ್ಲ ಎಂದರು. ಮಹಜರು ಬರೆದು, ಹೆಣವನ್ನು ಅಲ್ಲೇ ಸುಟ್ಟು, ಸುತ್ತ ಕೀಟನಾಶಕ ಸಿಂಪಡಿಸಬೇಕಿತ್ತು. ಅದಕ್ಕೂ ಮೊದಲು ಆರೋಗ್ಯ ಇಲಾಖೆಯ ಇಬ್ಬರು ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಅಂಟಿದ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ನಳಿಗೆಗೆ ಹಾಕಿಕೊಂಡರು. ಬುರುಡೆ ಕೇಳಿದ್ದ ಹುಡುಗ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ. ತೋಟದ ಆಳು ಕೊನೆಯ ತನಕ ಕೊಟ್ಟಿಗೆಯ ಹಿಂದೆಯೇ ನಿಂತಿದ್ದ. ಯಾರೂ ಅವನನ್ನು ಕರೆಯಲಿಲ್ಲ. ತಿಂಗಳ ನಂತರ ಯಜಮಾನರಿಗೆ ಫೋನು ಮಾಡಿ ವಿಚಾರಿಸಿದೆ. ಉಣುಗುಗಳಲ್ಲಿ ವೈರಸ್ ಸಿಕ್ಕಿರಲಿಲ್ಲ. ಆ ಮುಸುವ ಯಾವುದರಿಂದ ಸತ್ತಿತೆಂಬುದು ಕೊನೆಗೂ ಗೊತ್ತಾಗಲಿಲ್ಲ.